ಎರೆ ಮಣ್ಣು, ಮಸಾರಿ ಮಣ್ಣು ಮತ್ತು ನಮ್ಮ ರೆಕಾರ್ಡ್ ಪುಸ್ತಕ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪ್ರಯೋಗಗಳಲ್ಲಿ ಮಣ್ಣಿನ ಪರೀಕ್ಷೆ ಒಂದು. ಎರಡು ಬೇರೆ ಬೇರೆ ಜಾಗದ ಮಣ್ಣು ತಂದು ಅದರ ಕಣರಚನೆ, ನೀರು ಹಿಡಿದಿಡುವ ಶಕ್ತಿ ಮತ್ತು ಪಿಎಚ್ ನೋಡಬೇಕು. ಈ ಪ್ರಯೋಗ ಮಾಡಿದ ದಿನ ನನ್ನ ಮುಂದೆ ಎರಡು ಸಂಖ್ಯೆಗಳಿದ್ದವು. ಕೆಂಪು ಮಣ್ಣಿನ ಪಿಎಚ್ ಸೀನಿಯರ್ ಒಬ್ಬರ ಹಳೆಯ ರೆಕಾರ್ಡ್ ಪುಸ್ತಕದಲ್ಲಿ 6.5 ಎಂದಿತ್ತು. ನನ್ನ ಕೈಯಲ್ಲಿದ್ದ ಪಿಎಚ್ ಕಾಗದದ ಬಣ್ಣ 8ರ ಬಣ್ಣಕ್ಕೆ ಹೊಂದುತ್ತಿತ್ತು. ನಾನು ಹೆಚ್ಚು ಯೋಚಿಸದೆ 6.5 ಎಂದು ಬರೆದೆ.

ಇದು ನನ್ನೊಬ್ಬನ ಕಥೆಯಲ್ಲ ಎಂದು ಈ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಪ್ರಾಯೋಗಿಕ ಪರೀಕ್ಷೆಗೆ 30 ಅಂಕ. ರೆಕಾರ್ಡ್ ಪುಸ್ತಕಕ್ಕೂ ಅದರಲ್ಲಿ ಪಾಲಿದೆ. 'ಸರಿ ಉತ್ತರ' ಇದ್ದರೆ ಅಂಕ ಬರುತ್ತದೆ ಎಂದು ನಾವು ನಂಬಿದ್ದೇವೆ. ಆದರೆ ಈ ವರ್ಷ ಮಣ್ಣು, ನೀರು, ಗಾಳಿ ಈ ಮೂರರ ಪ್ರಯೋಗಗಳನ್ನು ಮಾಡಿದ ಮೇಲೆ, ಪ್ರಯೋಗಾಲಯದಲ್ಲಿ ಸರಿ ಉತ್ತರ ಎಂದರೆ ಏನು ಎಂಬ ಪ್ರಶ್ನೆಗೆ ನನ್ನ ಉತ್ತರ ಬದಲಾಗಿದೆ. ಅದನ್ನು ಇಲ್ಲಿ ವಿವರಿಸುತ್ತೇನೆ.

ಎರಡು ಚೀಲ ಮಣ್ಣು

ಮಣ್ಣು ತರುವುದು ನಮಗೆ ಕಷ್ಟವಾಗಲಿಲ್ಲ. ನಮ್ಮ ತರಗತಿಗೆ ಸಿರುಗುಪ್ಪ ಮತ್ತು ಕುರುಗೋಡು ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರಿದ್ದಾರೆ. ಸಿರುಗುಪ್ಪದ ಗೆಳೆಯ ತಮ್ಮ ಭತ್ತದ ಗದ್ದೆಯಿಂದ ಎರೆ ಮಣ್ಣು ತಂದ. ಕುರುಗೋಡಿನ ಗೆಳತಿ ಗುಡ್ಡದ ಬುಡದ ಹೊಲದಿಂದ ಕೆಂಪು ಮಣ್ಣು, ನಮ್ಮ ಕಡೆಯ ಮಾತಿನಲ್ಲಿ ಮಸಾರಿ ಮಣ್ಣು, ತಂದಳು.

ಮೊದಲು ಕಣರಚನೆ. ಎರಡು ಅಳತೆ ಜಾಡಿಗಳಲ್ಲಿ ಸ್ವಲ್ಪ ಸ್ವಲ್ಪ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಅಲುಗಾಡಿಸಿ ಇಟ್ಟೆವು. ದೊಡ್ಡ ಕಣ ಬೇಗ ತಳ ಸೇರುತ್ತದೆ, ಸಣ್ಣ ಕಣ ನಿಧಾನವಾಗಿ ಇಳಿಯುತ್ತದೆ. ಮಸಾರಿ ಮಣ್ಣಿನ ಜಾಡಿಯಲ್ಲಿ ಮರಳು ಕೆಲವೇ ನಿಮಿಷದಲ್ಲಿ ತಳಕ್ಕೆ ಕೂತಿತು. ಎರೆ ಮಣ್ಣಿನ ಜಾಡಿ ಮರುದಿನ ಬಂದು ನೋಡಿದರೂ ಕದಡಿಕೊಂಡೇ ಇತ್ತು. ಕಾರಣ ಅದರಲ್ಲಿರುವ ಜೇಡಿ ಕಣಗಳು. ಜೇಡಿ ಕಣ ಎಂದರೆ 0.002 ಮಿಲಿಮೀಟರಿಗಿಂತ ಚಿಕ್ಕದು.

ಆಮೇಲೆ ನೀರು ಹಿಡಿದಿಡುವ ಶಕ್ತಿ. ಫನಲ್ ಒಳಗೆ ಫಿಲ್ಟರ್ ಪೇಪರ್ ಇಟ್ಟು, ಅದನ್ನು ಮೊದಲೇ ಒದ್ದೆ ಮಾಡಿ, 50 ಗ್ರಾಂ ಒಣಗಿಸಿದ ಮಣ್ಣು ಹಾಕಿ, ಮೇಲಿನಿಂದ 50 ಮಿಲಿಲೀಟರ್ ನೀರು ಸುರಿಯಬೇಕು. ಕೆಳಗಿನ ಜಾಡಿಗೆ 30 ಮಿಲಿಲೀಟರ್ ಇಳಿದರೆ, ಮಣ್ಣು 20 ಮಿಲಿಲೀಟರ್ ಉಳಿಸಿಕೊಂಡಿದೆ ಎಂದರ್ಥ, ಅಂದರೆ ಶೇ. 40. ಪೇಪರನ್ನು ಮೊದಲೇ ಒದ್ದೆ ಮಾಡದಿದ್ದರೆ ಅದು ಕುಡಿದ ನೀರೂ ಮಣ್ಣಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಾಗೆಯೇ ಕೊನೆಯ ಹನಿ ಬೀಳುವ ತನಕ ಕಾಯಬೇಕು. ಮಸಾರಿ ಮಣ್ಣಿನಿಂದ ನೀರು ಸರಸರ ಇಳಿಯಿತು. ಎರೆ ಮಣ್ಣಿನ ಮೇಲೆ ನೀರು ನಿಂತುಬಿಟ್ಟಿತು. ಫನಲ್ ಕಟ್ಟಿಕೊಂಡಿದೆ ಎಂದು ನಾವು ಅಟೆಂಡರ್ ಚಾಚಾನನ್ನು ಕರೆದೆವು. ಅವರು ನೋಡಿ ನಕ್ಕು, "ಎರಿ ಮಣ್ಣು ಐತಿ, ಅವಸರ ಮಾಡಿದ್ರ ನೀರು ಬಿಡಂಗಿಲ್ಲ" ಎಂದರು.

ಅವರ ಮಾತಿನ ಹಿಂದಿನ ವಿಜ್ಞಾನ ಹೀಗಿದೆ. ಎರೆ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೆಚ್ಚು. ಅದರ ಪದರಗಳ ನಡುವೆ ನೀರು ಸೇರಿಕೊಳ್ಳುತ್ತದೆ, ಮಣ್ಣು ಉಬ್ಬುತ್ತದೆ, ಸಂದುಗಳು ಮುಚ್ಚುತ್ತವೆ. ಅದೇ ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಸಿರುಗುಪ್ಪದ ದಾರಿಯಲ್ಲಿ ಬೇಸಿಗೆಯಲ್ಲಿ ಹೊಲ ನೋಡಿದವರಿಗೆ ಆ ಬಿರುಕು ಗೊತ್ತು. ಮಸಾರಿ ಮಣ್ಣಿನ ಜೇಡಿ ಹಾಗೆ ಉಬ್ಬುವ ಜಾತಿಯದಲ್ಲ, ಮರಳಿನ ಪಾಲೂ ಹೆಚ್ಚು. ಆದ್ದರಿಂದ ನೀರು ನಿಲ್ಲುವುದಿಲ್ಲ.

8 ಯಾಕೆ ಬಂತು?

ಇನ್ನು ಪಿಎಚ್. 20 ಗ್ರಾಂ ಮಣ್ಣನ್ನು 100 ಮಿಲಿಲೀಟರ್ ನೀರಿನಲ್ಲಿ ಕಲಕಿ, ಸೋಸಿ, ಆ ನೀರಿಗೆ ಪಿಎಚ್ ಕಾಗದ ಅದ್ದಿ, ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಬೇಕು. 7 ತಟಸ್ಥ, ಅದಕ್ಕಿಂತ ಕಡಿಮೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ.

ಮೇಡಂ ನನ್ನ ಪುಟ ನೋಡಿದರು. ನನ್ನ ಮೇಜಿನ ಮೇಲೆ ಒಣಗುತ್ತಿದ್ದ ಪಿಎಚ್ ಕಾಗದವನ್ನೂ ನೋಡಿದರು. "ಇದು 6.5ರ ಬಣ್ಣವಾ?" ಎಂದು ಕೇಳಿದರು. ನಾನು ಸುಮ್ಮನಿದ್ದೆ. ಅವರು ಬೈಯಲಿಲ್ಲ. "ನೀನು ಮಣ್ಣು ಕಲಕಿದ ನೀರು ಯಾವುದು?" ಎಂದರು. ಆಗ ಹೊಳೆಯಿತು. ಡಿಸ್ಟಿಲ್ಡ್ ವಾಟರ್ ಬಾಟಲಿ ಪಕ್ಕದ ಮೇಜಿನಲ್ಲಿತ್ತು ಎಂದು ನಾನು ನಲ್ಲಿ ನೀರನ್ನೇ ಹಿಡಿದಿದ್ದೆ. ಬರೀ ನಲ್ಲಿ ನೀರಿಗೆ ಒಂದು ಕಾಗದ ಅದ್ದಿ ನೋಡಿದೆವು. ಅದೇ 8ರ ಬಣ್ಣ. ಅಂದರೆ ನಾನು ಅಳೆದದ್ದರಲ್ಲಿ ಮಣ್ಣೆಷ್ಟು, ನಲ್ಲಿ ನೀರೆಷ್ಟು ಎಂದು ಹೇಳಲು ಬರುತ್ತಿರಲಿಲ್ಲ.

ಡಿಸ್ಟಿಲ್ಡ್ ವಾಟರ್ ತೆಗೆದುಕೊಂಡು ಮತ್ತೆ ಮಾಡಿದೆ. ಇನ್ನು 6.5 ಬಂದೇ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಮೂರು ಸಲ ಮಾಡಿದರೂ ಬಣ್ಣ 7ರಿಂದ 7.5ರ ನಡುವೆಯೇ ನಿಂತಿತು. "ಈಗ ಏನು ಬರೆಯಲಿ ಮೇಡಂ?" ಎಂದೆ. "ಏನು ಕಂಡಿತೋ ಅದನ್ನು ಬರಿ. ಯಾಕೆ ಹಾಗೆ ಅಂತ ಆಮೇಲೆ ಯೋಚನೆ ಮಾಡು" ಎಂದರು.

ಯೋಚಿಸಿದಾಗ ಸಿಕ್ಕ ಕಾರಣ ನಮ್ಮ ಊರಿನ ಮಳೆಯಲ್ಲಿತ್ತು. ಕೆಂಪು ಮಣ್ಣು ಆಮ್ಲೀಯ ಎಂದು ನಾವು ಬಾಯಿಪಾಠ ಮಾಡಿರುತ್ತೇವೆ. ಹೆಚ್ಚು ಮಳೆ ಬೀಳುವ ಕಡೆ ಅದು ನಿಜ. ಮಳೆ ನೀರು ಮಣ್ಣಿನೊಳಗೆ ಇಳಿಯುತ್ತಾ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ತೊಳೆದುಕೊಂಡು ಹೋಗುತ್ತದೆ, ಮಣ್ಣು ಆಮ್ಲೀಯವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆಯಾಗುವುದುಂಟು. ಬಳ್ಳಾರಿಯಲ್ಲಿ ಬೀಳುವುದು ಸುಮಾರು 500ರಿಂದ 600 ಮಿಲಿಮೀಟರ್. ಇಷ್ಟು ಮಳೆಗೆ ಆ ಲವಣಗಳು ಪೂರ್ತಿ ತೊಳೆದು ಹೋಗುವುದಿಲ್ಲ. ಹಾಗಾಗಿ ಇಲ್ಲಿನ ಮಸಾರಿ ಮಣ್ಣು ತಟಸ್ಥವಾಗಿಯೋ ಸ್ವಲ್ಪ ಕ್ಷಾರೀಯವಾಗಿಯೋ ಇದ್ದರೆ ಅದು ತಪ್ಪಲ್ಲ. ಹಳೆಯ ರೆಕಾರ್ಡ್‌ನ 6.5 ಬೇರೆ ಊರಿನ ಮಣ್ಣಿಗೆ ಸರಿಯಿರಬಹುದು. ನನ್ನ ಮೇಜಿನ ಮೇಲಿದ್ದ ಮಣ್ಣು ಕುರುಗೋಡಿನದು.

6.5ಕ್ಕೂ 7.5ಕ್ಕೂ ಒಂದೇ ಅಂಕದ ವ್ಯತ್ಯಾಸ, ಅದಕ್ಕೆಷ್ಟು ತಲೆಕೆಡಿಸಿಕೊಳ್ಳುವುದು ಎಂದು ಯಾರಾದರೂ ಕೇಳಬಹುದು. ಪಿಎಚ್ ಪಟ್ಟಿಯಲ್ಲಿ ಒಂದು ಅಂಕ ಎಂದರೆ ಹೈಡ್ರೋಜನ್ ಅಯಾನುಗಳ ಪ್ರಮಾಣದಲ್ಲಿ ಹತ್ತು ಪಟ್ಟು ವ್ಯತ್ಯಾಸ. ನಾನು ಪೆನ್ನಿನಿಂದ ಒಂದು ಕ್ಷಣದಲ್ಲಿ ಮಾಡಿದ್ದು ಹತ್ತು ಪಟ್ಟಿನ ತಪ್ಪು.

ಆ ಸಂಖ್ಯೆಯನ್ನು ನಂಬುವವರು

ಈ ವಿಷಯವನ್ನು ಸಿರುಗುಪ್ಪದ ಗೆಳೆಯ ಮನೆಯಲ್ಲಿ ಹೇಳಿದನಂತೆ. ಮರುದಿನ ಅವನು ತಮ್ಮ ಹೊಲದ ಮಣ್ಣು ಆರೋಗ್ಯ ಚೀಟಿ ತಂದು ತೋರಿಸಿದ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಯೋಜನೆಯ ಚೀಟಿ ಅದು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಹೀಗೆ 12 ಅಂಶಗಳು ಅದರಲ್ಲಿರುತ್ತವೆ. ನಾವು ಅಂಕಕ್ಕಾಗಿ ಬರೆಯುವ ಪಿಎಚ್ ಅಲ್ಲಿ ಒಂದು ಕುಟುಂಬ ಗೊಬ್ಬರಕ್ಕೆ ಎಷ್ಟು ದುಡ್ಡು ಹಾಕಬೇಕು ಎಂಬುದನ್ನು ಹೇಳುತ್ತದೆ.

ಸಿರುಗುಪ್ಪದ ಕಡೆ ಇದು ಇನ್ನೂ ಮುಖ್ಯ. 1953ರಲ್ಲಿ ಹೊಸಪೇಟೆ ಹತ್ತಿರದ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಕಾಲುವೆ ನೀರು ಬಂದು ಈ ಭಾಗ ಭತ್ತದ ನಾಡಾಯಿತು. ಆದರೆ ವರ್ಷವರ್ಷವೂ ನೀರು ನಿಲ್ಲಿಸಿದ ಕಡೆ, ನೀರು ಹೊರಗೆ ಹರಿದುಹೋಗಲು ದಾರಿಯಿಲ್ಲದಿದ್ದರೆ, ನೆಲದೊಳಗಿನ ನೀರಿನ ಮಟ್ಟ ಮೇಲೇರುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಎರೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಬೇಸಿಗೆಯಲ್ಲಿ ಗದ್ದೆ ಮೇಲೆ ಬಿಳಿ ಪದರ ಕಾಣುವುದು ಇದರಿಂದಲೇ. ಇಂಥ ನೆಲಕ್ಕೆ ಸವಳು ಎನ್ನುತ್ತಾರೆ.

ಇಲ್ಲಿಯೂ ಒಂದು ಎಚ್ಚರಿಕೆ ಇದೆ. ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಎಂದು ಪಿಎಚ್ ಕಾಗದ ಹೇಳುವುದಿಲ್ಲ. ಅದಕ್ಕೆ ವಿದ್ಯುತ್ ವಾಹಕತೆ ಅಳೆಯಬೇಕು. ಪಿಎಚ್ 8.5 ದಾಟಿ ಸೋಡಿಯಂ ಹೆಚ್ಚಿರುವ ಮಣ್ಣಿಗೆ ಜಿಪ್ಸಂ ಹಾಕಲು ಹೇಳುತ್ತಾರೆ. ಬರೀ ಉಪ್ಪು ಹೆಚ್ಚಿದ್ದರೆ ಒಳ್ಳೆಯ ನೀರು ಹಾಯಿಸಿ ಬಸಿಗಾಲುವೆಯಲ್ಲಿ ಹೊರಗೆ ಹಾಕಬೇಕು. ಎರಡಕ್ಕೂ ಮದ್ದು ಬೇರೆ, ಖರ್ಚೂ ಬೇರೆ. ಗೆಳೆಯನ ಅಬ್ಬಾ ಹೇಳಿದ ಮಾತನ್ನು ಅವನು ನಮಗೆ ಹೇಳಿದ: "ಚೀಟಿಯಾಗ ಬರದಿದ್ದು ಸುಳ್ಳಾದ್ರ ನಾವು ಹಾಕಿದ ಗೊಬ್ಬರಾನೂ ಹಾಳು, ರೊಕ್ಕಾನೂ ಹಾಳು." ಆ ಚೀಟಿ ಬರೆಯುವವರೂ ಒಂದು ಕಾಲಕ್ಕೆ ನಮ್ಮಂತೆಯೇ ಲ್ಯಾಬ್‌ನಲ್ಲಿ ರೆಕಾರ್ಡ್ ಬರೆದವರೇ ಅಲ್ಲವೇ?

ತಿಳಿಯಾದ ನೀರು

ನೀರಿನ ಪ್ರಯೋಗದಲ್ಲಿ ನಾವು ಮಾಡಿದ ತಪ್ಪು ಬೇರೆ ತರಹದ್ದು. ಒಂದು ಬಾಟಲಿ ಕಾಲುವೆ ನೀರು, ಒಂದು ಬಾಟಲಿ ಬೋರ್‌ವೆಲ್ ನೀರು ತಂದಿದ್ದೆವು. ಕಾಗದದ ಮೇಲೆ ಒಂದು ಅಕ್ಷರ ಬರೆದು, ಅದರ ಮೇಲೆ ಗಾಜಿನ ಜಾಡಿ ಇಟ್ಟು, ಎಷ್ಟು ಎತ್ತರ ನೀರು ಹಾಕಿದಾಗ ಅಕ್ಷರ ಕಾಣದಾಗುತ್ತದೆ ಎಂದು ನೋಡಿದೆವು. ಕಾಲುವೆ ನೀರಿನಲ್ಲಿ ಅಕ್ಷರ ಬೇಗ ಮರೆಯಾಯಿತು. ಬೋರ್‌ವೆಲ್ ನೀರಿನಲ್ಲಿ ಜಾಡಿ ತುಂಬಿದರೂ ಅಕ್ಷರ ಸ್ಪಷ್ಟ. ಸೂಕ್ಷ್ಮದರ್ಶಕದಲ್ಲಿ ಕಾಲುವೆ ನೀರಿನ ಒಂದು ಹನಿ ಒಂದು ಸಂತೆಯಂತಿತ್ತು. ಹಸಿರು ಪಾಚಿಯ ಎಳೆಗಳು, ಅವುಗಳ ನಡುವೆ ಓಡಾಡುವ ಏಕಕೋಶ ಜೀವಿಗಳು. ಬೋರ್‌ವೆಲ್ ಹನಿಯಲ್ಲಿ ಏನೂ ಕಾಣಲಿಲ್ಲ.

ನಮ್ಮಲ್ಲಿ ಹೆಚ್ಚಿನವರು 'ಬೋರ್‌ವೆಲ್ ನೀರು ಶುದ್ಧ, ಕುಡಿಯಲು ಯೋಗ್ಯ' ಎಂದು ಬರೆದೆವು. ಮೇಡಂ 'ಕುಡಿಯಲು ಯೋಗ್ಯ' ಎಂಬ ಎರಡು ಪದಗಳ ಕೆಳಗೆ ಕೆಂಪು ಗೆರೆ ಎಳೆದರು. ಯಾಕೆಂದರೆ ನೀರಿನಲ್ಲಿ ಕರಗಿರುವುದು ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಬಳ್ಳಾರಿ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ, ಮುಂದೆ ಮೂಳೆಗಳಿಗೂ ತೊಂದರೆ. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾಗಿ ನಾವು ಬರೆಯಬಹುದಾಗಿದ್ದ ವಾಕ್ಯ ಇಷ್ಟೇ: 'ಈ ಹನಿಯಲ್ಲಿ ನಾವು ಬಳಸಿದ ಲೆನ್ಸ್‌ನಲ್ಲಿ ಜೀವಿಗಳು ಕಾಣಲಿಲ್ಲ.' ಈ ವಾಕ್ಯದಲ್ಲಿ ಜಂಬವಿಲ್ಲ, ಆದರೆ ಸುಳ್ಳೂ ಇಲ್ಲ.

ನಮ್ಮನ್ನೇ ಅಳೆದುಕೊಂಡಾಗ

ಪರಿಸರ ಚಟುವಟಿಕೆಯ ಭಾಗವಾಗಿ ನಾವು ಕೆಲವರು ವುಜೂ ಮಾಡುವಾಗ ಎಷ್ಟು ನೀರು ಬಳಸುತ್ತೇವೆ ಎಂದು ಅಳೆದೆವು. ಪ್ರವಾದಿಯವರು (ಸ) ಒಂದು ಮುದ್ ನೀರಿನಲ್ಲಿ ವುಜೂ ಮಾಡುತ್ತಿದ್ದರು ಎಂದು ಹದೀಸ್‌ನಲ್ಲಿ ಬಂದಿದೆ. ಮುದ್ ಎಂದರೆ ಎರಡು ಕೈ ಜೋಡಿಸಿದ ಬೊಗಸೆಯಿಂದ ಬಂದ ಅಳತೆ. ಇಂದಿನ ಲೆಕ್ಕದಲ್ಲಿ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಬಿದ್ದ ನೀರನ್ನು ಲ್ಯಾಬ್‌ನ ಜಾಡಿಯಿಂದ ಅಳೆದೆವು. ನಾನು ಒಂದೂವರೆ ಲೀಟರ್ ಆಗಬಹುದು ಎಂದುಕೊಂಡಿದ್ದೆ. ನನ್ನ ಬಕೆಟ್‌ನಲ್ಲಿ ನಾಲ್ಕು ಲೀಟರಿಗಿಂತ ಹೆಚ್ಚಿತ್ತು. ಮಸಹ್ ಮಾಡುವಾಗಲೂ ನಲ್ಲಿ ಸುರಿಯುತ್ತಲೇ ಇತ್ತು.

ಎರಡನೇ ಸಲ ಅಳೆದಾಗ ಎಲ್ಲರ ಬಕೆಟ್‌ನಲ್ಲೂ ನೀರು ಕಡಿಮೆಯಾಯಿತು. ಅಷ್ಟರಲ್ಲಿ ನಾವು ಒಳ್ಳೆಯವರಾಗಿಬಿಟ್ಟೆವು ಎಂದಲ್ಲ. ಯಾರೋ ಅಳೆಯುತ್ತಿದ್ದಾರೆ ಎಂದು ಗೊತ್ತಿದ್ದಾಗ ಮನುಷ್ಯ ಬದಲಾಗುತ್ತಾನೆ. ಹಾಗಾಗಿ ನಿಜವಾದ ಸಂಖ್ಯೆ ಮೊದಲ ಸಲದ್ದೇ. ಒಬ್ಬ ಗೆಳೆಯ ಎರಡನೇ ಸಂಖ್ಯೆಯನ್ನೇ ಹಾಕೋಣ, ಪೋಸ್ಟರಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂದ. ಸ್ವಲ್ಪ ಹೊತ್ತು ವಾದವಾಯಿತು. ಕೊನೆಗೆ ಎರಡನ್ನೂ ಹಾಕಿದೆವು. ಮಣ್ಣಿನ ಪಿಎಚ್ ತಿದ್ದುವುದಕ್ಕಿಂತ ನಮ್ಮದೇ ಲೆಕ್ಕ ತಿದ್ದುವ ಆಸೆ ದೊಡ್ಡದು ಎಂದು ಆ ದಿನ ಗೊತ್ತಾಯಿತು. ಹರಿಯುವ ನದಿಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದು ಎಂಬ ಬೋಧನೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅಳೆದು ನೋಡಿದ್ದು ಮಾತ್ರ ಈ ವರ್ಷ.

ಕೆಂಪು ಧೂಳು ಎಲ್ಲಿಯದು?

ಗಾಳಿಯ ಪ್ರಯೋಗ ಸರಳ. ಗಾಜಿನ ಸ್ಲೈಡ್‌ಗಳಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ಒಂದನ್ನು ಬ್ರೂಸ್‌ಪೇಟೆಯ ರಸ್ತೆಗೆ ತೆರೆದ ಕಿಟಕಿಯಲ್ಲಿ, ಇನ್ನೊಂದನ್ನು ರಸ್ತೆಯಿಂದ ದೂರದ ಮರದ ನೆರಳಿನಲ್ಲಿ ಇಟ್ಟೆವು. ಮೂರು ದಿನ ಬಿಟ್ಟು ಎರಡರಲ್ಲೂ ಒಂದೇ ಅಳತೆಯ ಚೌಕದಲ್ಲಿ ಕಣಗಳನ್ನು ಎಣಿಸಿದೆವು. ರಸ್ತೆ ಬದಿಯದರಲ್ಲಿ ಕಣಗಳು ಬಹಳ ಹೆಚ್ಚಿದ್ದವು. ಹಲವು ಕಣಗಳ ಬಣ್ಣ ಕೆಂಪು.

ಕೆಂಪು ಎಂದ ಕೂಡಲೇ ಎಲ್ಲರೂ 'ಮೈನಿಂಗ್ ಧೂಳು' ಎಂದೆವು. ಬಳ್ಳಾರಿಯವರಿಗೆ ಹಾಗೆ ಅನಿಸುವುದು ಸಹಜ. ಸಂಡೂರಿನ ಅದಿರಿನ ಲಾರಿಗಳ ಕಾಲ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು, ಎಲ್ಲವನ್ನೂ ಮನೆಯಲ್ಲಿ ಕೇಳಿ ಬೆಳೆದಿದ್ದೇವೆ. ಆದರೆ ಮಸಾರಿ ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡ್‌ನಿಂದಲೇ, ಅದಿರಿನ ಕೆಂಪೂ ಅದರಿಂದಲೇ. ಬಣ್ಣ ನೋಡಿ ಇದು ಹೊಲದ್ದು, ಇದು ಗಣಿಯದ್ದು ಎಂದು ಹೇಳಲಾಗದು. ಆಯಸ್ಕಾಂತ ಹಿಡಿದರೂ ತೀರ್ಮಾನವಾಗದು, ಯಾಕೆಂದರೆ ಸಂಡೂರಿನ ಅದಿರಿನಲ್ಲಿ ಮುಖ್ಯವಾಗಿರುವ ಹೆಮಟೈಟ್ ಆಯಸ್ಕಾಂತಕ್ಕೆ ಬಹಳ ದುರ್ಬಲವಾಗಿ ಮಾತ್ರ ಸ್ಪಂದಿಸುತ್ತದೆ.

ಇನ್ನೊಂದು ಮಿತಿಯೂ ಇದೆ. ನಮ್ಮ ಸ್ಲೈಡ್ ಹಿಡಿದದ್ದು ಕೆಳಗೆ ಬಂದು ಕೂರುವ ದಪ್ಪ ಕಣಗಳನ್ನು. ಶ್ವಾಸಕೋಶದ ಆಳಕ್ಕೆ ಹೋಗುವ ಪಿಎಂ 2.5, ಅಂದರೆ 2.5 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳು, ಗಾಳಿಯಲ್ಲಿ ತೇಲುತ್ತಲೇ ಇರುತ್ತವೆ. ಅವನ್ನು ಗಾಳಿ ಎಳೆದು ಸೋಸುವ ಯಂತ್ರದಿಂದಲೇ ಅಳೆಯಬೇಕು. ಹಾಗಾಗಿ ನಾವು ಬರೆದದ್ದು: 'ರಸ್ತೆ ಬದಿಯಲ್ಲಿ ಕೂತ ಧೂಳು ಹೆಚ್ಚು. ಅದರ ಮೂಲ ಈ ಪ್ರಯೋಗದಿಂದ ತಿಳಿಯದು.' ಮೊದಲು ಇದು ಸೋಲಿನ ವಾಕ್ಯ ಎನಿಸಿತು. ಈಗ ಹಾಗನಿಸುವುದಿಲ್ಲ. ಊರಿನ ಗಾಳಿಯ ಬಗ್ಗೆ ನಾಳೆ ನಾವು ಯಾರ ಮುಂದಾದರೂ ದೂರು ಹೇಳಬೇಕಾದರೆ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದರೆ ಗೊತ್ತಿರುವುದನ್ನೂ ಅವರು ನಂಬುವುದಿಲ್ಲ.

ಮುಂದಿನ ವರ್ಷದವರಿಗೆ

ಸುಮಾರು ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಬೆಳಕಿನ ಬಗ್ಗೆ ಪ್ರಯೋಗಗಳನ್ನು ಮಾಡಿದರು. ಹಿಂದಿನ ದೊಡ್ಡ ವಿದ್ವಾಂಸರು ಹೇಳಿದ್ದನ್ನೂ ಪರೀಕ್ಷಿಸದೆ ಒಪ್ಪಬಾರದು, ಪರೀಕ್ಷಿಸುವಾಗ ತನ್ನ ಮೇಲೂ ಅನುಮಾನ ಇಟ್ಟುಕೊಳ್ಳಬೇಕು ಎಂಬುದು ಅವರ ನಿಲುವು. ಪ್ಟಾಲೆಮಿಯನ್ನೇ ಅವರು ಪ್ರಶ್ನಿಸಿದರು. ನಾವು ಸೀನಿಯರ್‌ನ ರೆಕಾರ್ಡ್ ಅನ್ನಾದರೂ ಪ್ರಶ್ನಿಸಬಹುದಲ್ಲವೇ?

ಮುಂದಿನ ವರ್ಷ ಈ ಪ್ರಯೋಗ ಮಾಡುವವರಿಗೆ ನನ್ನ ಅನುಭವದಿಂದ ಕೆಲವು ಮಾತು. ಮಣ್ಣು ಯಾವ ಊರಿನದು, ಯಾವ ದಿನ ತಂದದ್ದು ಎಂದು ಚೀಲದ ಮೇಲೆ ಬರೆಯಿರಿ. ಬರೀ ನೀರನ್ನು ಮೊದಲು ಪರೀಕ್ಷಿಸಿ. ಒಂದೇ ಸಲ ಮಾಡಿ ಬಿಡಬೇಡಿ, ಮೂರು ಸಲ ಮಾಡಿ. ಬಣ್ಣ 7ಕ್ಕೂ 8ಕ್ಕೂ ನಡುವೆ ಇದ್ದರೆ ನಡುವೆ ಎಂದೇ ಬರೆಯಿರಿ. ತಪ್ಪಾದ ಓದನ್ನು ವೈಟ್ನರ್ ಹಾಕಿ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಿರಿ. ನಿರೀಕ್ಷಿಸಿದ್ದು ಬರದಿದ್ದರೆ ಹೆದರಬೇಡಿ, ನಿಮ್ಮ ಮೇಡಂ ಅಥವಾ ಸರ್ ಅವರನ್ನು ಕೇಳಿ.

ನನ್ನ ರೆಕಾರ್ಡ್ ಪುಸ್ತಕದ ಆ ಪುಟದಲ್ಲಿ ಈಗ ಮೂರು ಸಂಖ್ಯೆಗಳಿವೆ. 6.5ರ ಮೇಲೆ ಒಂದು ಗೆರೆ. 8ರ ಪಕ್ಕದಲ್ಲಿ 'ನಲ್ಲಿ ನೀರು ಬಳಸಿದ್ದರಿಂದ' ಎಂಬ ಟಿಪ್ಪಣಿ. ಅದರ ಕೆಳಗೆ '7ರಿಂದ 7.5, ಮೂರು ಸಲ, ಡಿಸ್ಟಿಲ್ಡ್ ವಾಟರ್, ಕುರುಗೋಡು.' ಪುಟ ನೋಡಲು ಅಂದವಾಗಿಲ್ಲ. ಮೇಡಂ ಕೆಳಗೆ ಸಹಿ ಹಾಕಿದ್ದಾರೆ. ಅದನ್ನು ಮತ್ತೆ ಫೇರ್ ಮಾಡಿ ಬರೆಯಲಾ ಎಂದು ಕೇಳಿದ್ದೆ. ಬೇಡ, ಹಾಗೇ ಇರಲಿ ಎಂದರು.